ತೆಗೀರಿ ಅಂದದ್ದಕ್ಕೆ

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಅವರ ಮಡಚುವ ಕ್ಯಾಮೆರಾ ಸಿಕ್ಕಿತು. ಮಡಚಿಟ್ಟರೆ ಒಂದು ದಪ್ಪ ಪುಸ್ತಕದಷ್ಟು. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ಕೆಳಗೆ ಬಿಚ್ಚಿಕೊಂಡು, ಮಡಿಕೆ ಮಡಿಕೆಯಾದ ಕಪ್ಪು ಚರ್ಮದ ತುದಿಯಲ್ಲಿ ಲೆನ್ಸು ಹೊರಗೆ ಬರುತ್ತಿತ್ತು. ಬೆನ್ನಿಗೆ ಸಣ್ಣದೊಂದು ಕೆಂಪು ಕಿಂಡಿ. ಅದರಲ್ಲಿ ಎಂಟು ಎಂಬ ಅಂಕಿ ಕಾಣುತ್ತಿತ್ತು. ಅಂದರೆ ಒಳಗಿನ್ನೂ ರೀಲಿದೆ, ಎಂಟು ಫೋಟೋಗಳಲ್ಲಿ ಏಳು ಆಗಿವೆ.

ಅವ್ವ ಅದನ್ನು ನೋಡಿದವಳೇ ಗೋಡೆ ಹಿಡಿದು ಕುಂತುಬಿಟ್ಟಳು.

"ಅದರಾಗ ಅವ ಅದಾನ."

ಅವನೆಂದರೆ ನನಗಿಂತ ಮೊದಲು ಹುಟ್ಟಿ, ಹೆಸರಿಟ್ಟ ತಿಂಗಳೊಪ್ಪತ್ತಿನಲ್ಲೇ ಜ್ವರಕ್ಕೆ ಹೋದ ಅಣ್ಣ. ಅಪ್ಪ ಹೆಸರಿಡುವ ದಿನ ಫೋಟೋ ತೆಗೆದಿದ್ದರು, ಅವನು ಹೋದ ಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ಅವನ ಬೇರೆ ಚಿತ್ರವೇ ಮನೆಯಲ್ಲಿಲ್ಲ. "ಅವನ ಮಾರಿ ಮರತೇನಿ," ಎಂದು ಅವ್ವ ಆ ದಿನ ಮೊದಲ ಸಲ ಹೇಳಿದಳು, ಅದೂ ನನ್ನ ಮೇಲೆ ಸಿಟ್ಟು ಮಾಡಿದ ಹಾಗೆ.

ಆಗಲೇ ಎರಡು ಸಾವಿರದ ಇಸವಿ ದಾಟಿತ್ತು. ರೋಣದ ಸ್ಟುಡಿಯೋದವರು ಕಂಪ್ಯೂಟರ್ ತೋರಿಸಿ ಕೈಯೆತ್ತಿದರು. ಕಪ್ಪು-ಬಿಳುಪು ರೀಲು ತೊಳೆಯುವ ಮುದುಕರೊಬ್ಬರು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ಇನ್ನೂ ಇದ್ದಾರೆಂದು ಗೊತ್ತಾಗಿ ಬಸ್ಸು ಹತ್ತಿದೆವು. ಅವ್ವ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಿಂದಿನ ಬಾಗಿಲಿನ ಕೊಂಡಿ ಸಡಿಲ. ಬೆಳಕು ಹೊಕ್ಕರೆ ಎಲ್ಲಾ ಮುಗಿದ ಹಾಗೆಯೇ. ತಗ್ಗು ಬಂದಾಗಲೆಲ್ಲ ನಾನು ಸೆರಗಿನ ಮೇಲಿಂದಲೇ ಆ ಕೊಂಡಿಯನ್ನು ಒತ್ತಿ ಹಿಡಿಯುತ್ತಿದ್ದೆ.

ಊರೆಲ್ಲ ಚಾಚಾ ಎನ್ನುತ್ತಿದ್ದ ಆ ಮುದುಕರು ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಹಿಂದಿನ ಬಾಗಲಾ ಕತ್ತಲಿ ಖೋಲ್ಯಾಗ ತೆಗೀಬೇಕ್ರಿ. ಅದಕ್ಕೂ ಮೊದಲ, ಒಂದ ಫೋಟೋ ಉಳದೈತಿ, ಅದನ್ನ ಮುಗಿಸೂಣು."

"ನಾ ತೆಗೀತೀನಿ," ಅಂದಳು ಅವ್ವ. ಅಪ್ಪ ಒಂದು ದಿನವೂ ಅದನ್ನು ಅವಳ ಕೈಗೆ ಕೊಟ್ಟವರಲ್ಲ. ಆ ಹಟದ ಮುಂದೆ ನನ್ನದೇನು ನಡೆದೀತು? ಹೊಸ್ತಿಲ ಬಿಸಿಲಲ್ಲಿ ಸ್ಟೂಲು ಹಾಕಿಕೊಂಡು ಕುಂತೆ. ಚಾಚಾ ಲೆನ್ಸಿನ ಪಕ್ಕದ ಶಟರ್ ಎಳೆದು ಸಜ್ಜುಮಾಡಿ ಕ್ಯಾಮೆರಾ ಅವಳಿಗೆ ಕೊಟ್ಟರು.

"ಹೂಂ ಅಕ್ಕಾರ, ತೆಗೀರಿ."

ನಮ್ಮ ಕಡೆ ಫೋಟೋ ತೆಗೆಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಒಂದೇ ಮಾತು. ಅವ್ವನ ತಲೆಯಲ್ಲಿ ಆ ಹಿಂದಿನ ಬಾಗಿಲೇ ಕುಂತಿತ್ತು. ಅವಳ ಹೆಬ್ಬೆರಳು ಕೊಂಡಿಗೆ ಹೋಯಿತು. ಟಕ್ ಅಂತು.

ಚಾಚಾ ಹಾರಿ ಬಂದು ಮುಚ್ಚಿದರೂ ಅಷ್ಟರಲ್ಲಿ ಬಿಸಿಲು ಒಳಗೆ ಬಿದ್ದಾಗಿತ್ತು. ನಾನು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. "ತೆಗೀರಿ ಅಂತ ಯಾಕ ಅಂದ್ರಿ? ಒತ್ರಿ ಅನ್ನಾಕ ಆಗತಿರಲಿಲ್ಲೇನ್ರಿ?"

ಚಾಚಾ ಕೊಂಡಿಯನ್ನು ಒತ್ತಿ ಹಿಡಿದುಕೊಂಡೇ ಹೇಳಿದರು. "ಆದ ಫೋಟೋ ಒಂದರ ಮ್ಯಾಲ ಒಂದ ಸುತಗೋತಾವ್ರಿ. ಮೊದಲಿನವು ಒಳಗ, ಕಡೀವು ಹೊರಗ. ಹೊರಗಿನವು ಹೋಗಿರತಾವ. ಒಳಗಿನವು ಉಳದಿರಬಹುದು. ಕೂಸಿಂದು ಎಷ್ಟನೇದ್ರಿ?"

"ಕಡೀದು," ಅಂದಳು ಅವ್ವ. "ಬಂದ ಮಂದೀದ ಎಲ್ಲಾ ಆದಮ್ಯಾಲ ನನ್ನ ಕರದ್ರು."

ಮಂದಿಗೆ ಮೊದಲು, ಮನೆಯವರಿಗೆ ಕಡೆಗೆ. ಊಟದ ಪಂಕ್ತಿಯಿಂದ ಹಿಡಿದು ಹಬ್ಬದ ಸೀರೆಯವರೆಗೆ ಅಪ್ಪನ ನೇಮವೇ ಅದು. ಅವ್ವ ಜೀವನವಿಡೀ ಅದಕ್ಕೆ ಗೊಣಗಿದವಳು.

ಚಾಚಾ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಬೆಂಚಿನ ಮೇಲೆ ಕುಂತೆವು. ಅವ್ವ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಸತ್ತ ಅಪ್ಪನ ಮೇಲೆ ತಿರುಗಿತು. ಹೆತ್ತ ಮಗನನ್ನೂ ಕಡೆಗೇ ಇಡಬೇಕಿತ್ತೇ ಈ ಮನುಷ್ಯ? ಒಳಗೆ ನೀರಿನ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು.

ಹೊರಬಂದ ಚಾಚಾ ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದರು. ಕಡೆಯ ಎರಡು ಹಂಚಿನ ಮಸಿಯಂತೆ ಕಪ್ಪಾಗಿದ್ದವು. ನಡುವಿನವುಗಳಲ್ಲಿ ರುಮಾಲು ಸುತ್ತಿದ ನೆಂಟರು, ಅಂಚು ತಿಂದುಹೋಗಿ, ಅರೆಬರೆ. ಅವ್ವ ಮುಖ ತಿರುಗಿಸಿಕೊಂಡಳು.

"ತಡೀರಿ ಅಕ್ಕಾರ," ಎಂದು ಚಾಚಾ ಮತ್ತೆ ಒಳಗೆ ಹೋಗಿ, ಒಂದು ಹಸಿ ಕಾಗದ ತಂದು ಅವಳ ಮುಂದೆ ಹಿಡಿದರು. "ಇದು ಒಂದನೇದು."

ನೆಂಟರು ಬರುವ ಮೊದಲಿನ ಮನೆ. ತೊಟ್ಟಿಲಲ್ಲಿ ಕೂಸು ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕಣ್ಣರಳಿಸಿ ನೋಡುತ್ತಿದೆ. ಪಕ್ಕದ ಚಾಪೆಯ ಮೇಲೆ ಕೂದಲು ಬಿಚ್ಚಿಕೊಂಡು ಮೈಮರೆತು ಮಲಗಿದ್ದಾಳೆ ಅವ್ವ.

ಅವಳು ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಲಗಿದ್ದ ತನ್ನನ್ನು ನೋಡಿದಳು. ಅಪ್ಪ ಹೋದಾಗಲೂ ಅಳದಿದ್ದವಳು ಅಂಗಡಿಯ ನಡುವೆ ನಿಂತು ಅಳುತ್ತ ಅಪ್ಪನನ್ನೇ ಬೈಯತೊಡಗಿದಳು.

"ನಮ್ಮದ ಮೊದಲ ತೆಗದಿದ್ರಿ... ಜೀವ ಇರೂತನಾ ಒಂದ ಮಾತ ಹೇಳಬಾರದಿತ್ತೇನ್ರಿ ನನಗ?"