ನಮ್ಮ ಸ್ಪಿಟ್ಸೆನ್‌ಕಾಂಡಿಡಾಟ್ ವಸುಧಾ

ವಸುಧಾ ಅವರದು ಹುಬ್ಬಳ್ಳಿ. ಇಲ್ಲಿ ಪರದೇಶದಲ್ಲಿ ಏಳು ವರ್ಷಗಳಿಂದ ಪ್ರತಿ ಭಾನುವಾರ ಮೆಕಿನ್ನಿಯಿಂದ ಲೂಯಿಸ್‌ವಿಲ್‌ಗೆ ಕಾರು ಓಡಿಸಿಕೊಂಡು ಬಂದು ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಬೈಯುವುದಿಲ್ಲ. ಕೈಕಟ್ಟಿ ನಿಂತು, ಕನ್ನಡ ಬರುವವರೆಗೆ ಕಾಯುತ್ತಾರೆ. ಅಷ್ಟು ತಾಳ್ಮೆ ಇದ್ದಿದ್ದರೆ ನಾನೂ ಮನುಷ್ಯನಾಗುತ್ತಿದ್ದೆ.

ನಾನು ಪ್ರಭಂಜನ. ಬೆಂಗಳೂರಿನಲ್ಲಿ ಎರಡು ವರ್ಷ ಜರ್ಮನ್ ಕಲಿತ ಜಂಬ ಇನ್ನೂ ಇಳಿದಿಲ್ಲ. ನಮ್ಮ ಕನ್ನಡ ಸಂಘದಲ್ಲಿ ಸದಸ್ಯರು ಒಂದು ತಂಡವನ್ನು ಗೆಲ್ಲಿಸುತ್ತಾರೆ. ಗೆದ್ದ ಏಳು ಮಂದಿ ಆಮೇಲೆ ತಮ್ಮೊಳಗೇ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಈ ಸಲ ನಮ್ಮ ತಂಡ ಅಧ್ಯಕ್ಷರ ಹೆಸರನ್ನು ಮೊದಲೇ ಹೇಳಿ ಓಟು ಕೇಳೋಣ ಎಂದವನು ನಾನೇ. ಹೆಸರು ವಸುಧಾ ಅವರದು.

"ನಾ ಯಾಕ್ರಿ? ನನಗ ಭಾಷಣ ಮಾಡಾಕ ಬರಂಗಿಲ್ಲ," ಎಂದರು.

ಆಗ ನಾನು ಜರ್ಮನ್ ಬಿಚ್ಚಿದೆ. ಸ್ಪಿಟ್ಸೆನ್‌ಕಾಂಡಿಡಾಟ್! ಸ್ಪಿಟ್ಸೆ ಎಂದರೆ ತುತ್ತತುದಿ. ಕಾಂಡಿಡಾಟ್ ಲ್ಯಾಟಿನ್ನಿನಿಂದ ಬಂದದ್ದು, ಬಿಳಿ ಉಟ್ಟವನು ಎಂದರ್ಥ. ರೋಮಿನಲ್ಲಿ ಓಟು ಕೇಳುವವರು ಅಚ್ಚ ಬಿಳಿ ಉಟ್ಟು ಜನರ ಮುಂದೆ ಬರುತ್ತಿದ್ದರಂತೆ. ಜರ್ಮನರು ಎರಡನ್ನೂ ಜೋಡಿಸಿ, ಪಕ್ಷದ ಪಟ್ಟಿಯಲ್ಲಿ ಮೊದಲು ನಿಲ್ಲುವವರಿಗೆ ಆ ಹೆಸರಿಟ್ಟರು. 2014ರಲ್ಲಿ ಯುರೋಪ್ ಒಕ್ಕೂಟದ ಚುನಾವಣೆಯಲ್ಲೂ ಅದೇ ಪದ್ಧತಿ ಬಂತು. ಗೆದ್ದ ಗುಂಪಿನ ಮುಂದಾಳೇ ಅಲ್ಲಿಯ ಆಡಳಿತ ನಡೆಸುವ ಆಯೋಗದ ಅಧ್ಯಕ್ಷರಾದರು.

"ಮಾತು ಅಂದ್ರೆ ಮಾತು ಮೇಡಂ," ಎಂದೆ. ಐದು ವರ್ಷದ ನಂತರ ಅಲ್ಲಿಯವರೇ ಆ ಮಾತನ್ನು ಗಾಳಿಗೆ ತೂರಿ, ಬಾಗಿಲು ಹಾಕಿಕೊಂಡು ಬೇರೊಬ್ಬರನ್ನು ಆರಿಸಿದ್ದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ವಸುಧಾ ನನ್ನನ್ನು ನಂಬಿ ಒಪ್ಪಿಕೊಂಡರು.

ಜನ ವಸುಧಾ ಮುಖ ನೋಡಿಯೇ ಓಟು ಹಾಕಿದರು. ಗೆದ್ದೆವು. ಮರುದಿನ ನಮ್ಮದೇ ತಂಡದ ಮೋಹನರಾಜ ಫೋನ್ ಮಾಡಿದ.

"ಹೂಸ್ಟನ್, ಆಸ್ಟಿನ್ ಸಂಘದವರ ಜೊತೆ ಸಮ್ಮೇಳನ ಇದೆ ಗುರು. ಆಯಮ್ಮನ ಕೈಲಿ ಮ್ಯಾನೇಜ್ ಮಾಡಕ್ಕಾಗಲ್ಲ. ನಾನು ಅಧ್ಯಕ್ಷ ಆದ್ರೆ ಸ್ಮರಣ ಸಂಚಿಕೆಗೆ ನೀನೇ ಸಂಪಾದಕ."

ಸಂಪಾದಕ! ಮೊದಲ ಪುಟದಲ್ಲಿ ನನ್ನ ಫೋಟೋ ಆಗಲೇ ಕಣ್ಣಿಗೆ ಕಟ್ಟಿತು. ಶನಿವಾರ ಬೆಳಿಗ್ಗೆ ಗೆದ್ದ ಏಳು ಮಂದಿಯ ಗುಪ್ತ ಮತದಾನ. ಚೀಟಿಯಲ್ಲಿ ಮೋಹನರಾಜನ ಹೆಸರು ಬರೆದು ಮಡಚಿ ಹಾಕಿದೆ. ಅವನಿಗೆ ನಾಲ್ಕು, ವಸುಧಾ ಅವರಿಗೆ ಮೂರು. ನನ್ನದೊಂದು ಚೀಟಿ ಅವರಿಗೆ ಬಿದ್ದಿದ್ದರೆ ಅವರೇ ಅಧ್ಯಕ್ಷೆ. ನಾಚಿಕೆಯಿಂದ ಯಾರ ಮುಖವನ್ನೂ ನೋಡದೆ ಹೊರಗೆ ಬಂದೆ.

ವಸುಧಾ ನನ್ನ ಕಾರಿನವರೆಗೂ ಹಿಂದೆಯೇ ಬಂದರು. ಅವರ ಕಣ್ಣು ಕೆಂಪಗಾಗಿತ್ತು.

"ಇರ್ಲಿ ಬಿಡ್ರಿ, ನೀವ್ಯಾಕ ಮುಖ ಸಣ್ಣದ ಮಾಡೀರಿ? ಆ ಮೂರರಾಗ ಒಂದು ನಂದು, ಒಂದು ನಿಮ್ದು. ಇನ್ನೊಂದು ಯಾರ್ದೋ ಗೊತ್ತಿಲ್ಲ, ಅವರಿಗೆ ಥ್ಯಾಂಕ್ಸ್ ಹೇಳಾಕ ಆಗಂಗಿಲ್ಲ. ನಿಮಗರ ಹೇಳ್ತೀನಿ. ಥ್ಯಾಂಕ್ಸ್ ರೀ."

"ಅಯ್ಯೋ, ಅದಕ್ಕೆಲ್ಲ ಯಾಕೆ ಮೇಡಂ," ಎಂದೆ.