ತಮ್ಮನ ವಿಮಾನದಲ್ಲಿ ನಮ್ಮ ಹೊಲದವರೆಗೆ

ಬ್ಯಾಡಗಿಯಿಂದ ಮುಂಜಾನೆ ಆರರ ಬಸ್ಸಿಗೆ ಹುಬ್ಬಳ್ಳಿಗೆ ಹೊರಟೆ. ಬನಶಂಕರಿ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು, ಥಂಡಿ ಇನ್ನೂ ಬಿಟ್ಟಿರಲಿಲ್ಲ. ಟಿಕೆಟ್ ಹನ್ನೆರಡು ರೂಪಾಯಿ. ಹೋಗುವುದು ಬಸ್ಸಿನಲ್ಲಿ, ತಿರುಗಿ ಬರುವುದು ವಿಮಾನದಲ್ಲಿ. ಕಂಡಕ್ಟರನಿಗೆ ಹಾಗೆಂದು ಹೇಳಿದೆ. ಅವನು ನನ್ನ ಮುಖ ನೋಡಿ, ಚಿಲ್ಲರೆ ಕೈಗಿಟ್ಟು ಮುಂದಿನ ಸೀಟಿಗೆ ಹೋದ. ಮೋಟೆಬೆನ್ನೂರು ಬರುವ ತನಕ ಎರಡು ಸಲ ತಿರುಗಿ ನೋಡಿದ.

ವಿಮಾನ ನನ್ನ ತಮ್ಮ ಚನ್ನಬಸಪ್ಪನದು. ಅವನು ಇಪ್ಪತ್ತು ವರ್ಷ ಮಿಲಿಟರಿಯಲ್ಲಿ ವಿಮಾನ ರಿಪೇರಿ ಮಾಡಿದವನು. ನೌಕರಿ ಮುಗಿದ ಮೇಲೆ ಹಾರಿಸುವುದನ್ನೂ ಕಲಿತ. ವಿಮಾನ ಕಲಿಸುವ ಒಂದು ಕ್ಲಬ್ಬು ಬೇಡವೆಂದು ಬಿಟ್ಟಿದ್ದ ಎರಡು ಸೀಟಿನದನ್ನು ಇಬ್ಬರು ಗೆಳೆಯರೊಂದಿಗೆ ಕೂಡಿ ಕೊಂಡ. ಗೆಳೆಯರಿಬ್ಬರೂ ವರ್ಷದೊಳಗೆ ಜಾರಿಕೊಂಡರು. ಎಮ್ಮೆ ಕಟ್ಟಿದರೆ ಹಾಲಾದರೂ ಬರುತ್ತದೆ, ಇದನ್ನು ಕಟ್ಟಿ ಏನು ಸುಖ ಎಂದು ನಾನು ಕೇಳಿದ್ದೆ.

ಈಗ ವಿಷಯ ಏನೆಂದರೆ, ವಿಮಾನ ಹಾರಿಸುವವರನ್ನು ಡಾಕ್ಟರು ಆಗಾಗ ನೋಡಬೇಕಂತೆ. ಹೋದ ಸಲ ಡಾಕ್ಟರು ಚನ್ನನ ಕಣ್ಣು ನೋಡಿ, ಆರು ತಿಂಗಳಿಗೆ ಮಾತ್ರ ಪಾಸು ಮಾಡಿದ್ದರು. ಮುಂದಿನ ತಿಂಗಳು ಮತ್ತೆ ಹೋಗಬೇಕು. ಅಲ್ಲಿ ಫೇಲಾದರೆ ಮುಗಿಯಿತು, ಸೀಟಿನಲ್ಲಿ ಕೂಡಲೂ ಬಿಡುವುದಿಲ್ಲ. ಅದಕ್ಕೆ ಮೊದಲು ಒಮ್ಮೆಯಾದರೂ ಅಪ್ಪನ ಹೊಲದಲ್ಲಿ ವಿಮಾನ ಇಳಿಸಬೇಕೆಂದು ಅವನ ಆಸೆ. ಕಾಗದಪತ್ರ ಮಾಡಿಸಿ ಒಪ್ಪಿಗೆ ತಂದಿದ್ದ. ಬ್ಯಾಡಗಿಯಿಂದ ಕದರಮಂಡಲಗಿ ಕಡೆಗೆ ಇರುವ ನಮ್ಮ ಎರೆಹೊಲದಲ್ಲಿ ಉದ್ದಕ್ಕೆ ಆರುನೂರು ಹೆಜ್ಜೆ ಜಾಗ ಸಪಾಟು ಮಾಡಿ ರೋಲರ್ ಹೊಡೆಸಿದ್ದ.

ಆ ಜಾಗ ಎಷ್ಟು ಚೆಂದ ಆಗಿತ್ತೆಂದರೆ, ಸುತ್ತ ಯಾರ ಕಣವೂ ಹಾಗಿರಲಿಲ್ಲ. ಒಂದು ಹರಳಿಲ್ಲ, ಹುಲ್ಲಿಲ್ಲ. ಮೆಣಸಿನಕಾಯಿ ಬಿಡಿಸುವ ಕಾಲ. ಬಾಜೂ ಹೊಲದ ಗಂಗವ್ವ ಬಂದು, ಕಾಯಿ ಒಣಹಾಕುತ್ತೇವೆ ಎಂದು ಕೇಳಿದಳು. ಅವಳ ಹಿಂದೆ ಇನ್ನೂ ಐದು ಮನೆಯವರು. ಗುರುವಾರ ವಿಮಾನ ಬರುತ್ತದೆ, ನಡುವೆ ನಾಲ್ಕು ಚಕ್ಕಡಿ ನಿಲ್ಲುವಷ್ಟು ಜಾಗ ಬಿಟ್ಟು ಹರವಿರಿ ಎಂದೆ. ಒಂದು ಇಲೆಕ್ಷನ್ನಿನಲ್ಲಿ ಯಾರೋ ದೊಡ್ಡವರು ಹಾವೇರಿಗೆ ಹೆಲಿಕಾಪ್ಟರಿನಲ್ಲಿ ಬಂದದ್ದನ್ನು ನೋಡಿದ್ದೆ. ತಲೆಯ ಮೇಲಿನ ಕೊಡ ಇಳಿಸಿದಂತೆ ನೆಟ್ಟಗೆ ಇಳಿದಿತ್ತು. ಇದೂ ಹಾಗೇ ಎಂದುಕೊಂಡೆ. ಚನ್ನನಿಗೆ ಕಾರ್ಡಿನಲ್ಲಿ, ಹೊಲದಲ್ಲಿ ಜಾಗ ತಯಾರಿದೆ ಎಂದು ಬರೆದೆ.

ಹುಬ್ಬಳ್ಳಿ ಮುಟ್ಟಿದಾಗ ಎಂಟೂವರೆ. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಗೋಕುಲ ರೋಡಿನ ವಿಮಾನ ನಿಲ್ದಾಣಕ್ಕೆ ಹೋದೆ. ಗೇಟಿನಲ್ಲಿ ಚನ್ನ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾನು ಹತ್ತಿರ ಹೋಗಿ ಮಾತಾಡಿಸಿದ ಮೇಲೆ ನಕ್ಕ.

ತಗಡಿನ ಪತ್ರಾಸ್ ಶೆಡ್ಡಿನೊಳಗೆ ವಿಮಾನ ಇತ್ತು. ನೋಡಿ ನನಗೆ ಏನೂ ತಿಳಿಯಲಿಲ್ಲ. ರೆಕ್ಕೆ ಕಬ್ಬಿಣದ್ದು ಎಂದು ತಿಳಿದಿದ್ದೆ, ಮುಟ್ಟಿದರೆ ಅರಿವೆ. ಅರಿವೆ ಬಿಗಿದು ಮೇಲೆ ಬಣ್ಣ ಬಳಿದಿದ್ದರು. ಒಂದು ಕಡೆ ಅಂಗೈ ಅಗಲದ ತೇಪೆಯೂ ಇತ್ತು. ಅದನ್ನು ನೋಡಿಕೊಳ್ಳುವ ಮಿಸ್ತ್ರಿ ದಾವಲಸಾಬ ಎಣ್ಣೆ ಕೈ ಒರೆಸುತ್ತ ಬಂದ. ಇಂಜಿನ್ನು ಇಷ್ಟು ತಾಸು ಓಡಿದರೆ ಬಿಚ್ಚಬೇಕು, ಇಷ್ಟು ತಾಸಿಗೆ ಎಣ್ಣೆ ಬದಲಿಸಬೇಕು, ಬಿಚ್ಚಿದ್ದು ಕಟ್ಟಿದ್ದು ಎಲ್ಲ ಬುಕ್ಕಿನಲ್ಲಿ ಬರೆದು ದೊಡ್ಡ ಇಂಜಿನಿಯರರ ಸಹಿ ಆಗಬೇಕು ಎಂದು ಹೇಳಿದ. ಪೆಟ್ರೋಲು ಕೂಡ ಪಂಪಿನದು ನಡೆಯುವುದಿಲ್ಲ, ಲಾರಿಯಲ್ಲಿ ಬ್ಯಾರಲ್ ತರಿಸಬೇಕು. ಇಷ್ಟೆಲ್ಲ ಮಾಡಿ ತಿಂಗಳಿಗೆ ಎಷ್ಟು ಸಲ ಹಾರಿಸುತ್ತಾನೆ ಎಂದು ಕೇಳಿದೆ.

“ತಿಂಗಳಿಗೆ ಒಂದ್ಸಲ ಹಾರಸ್ತಾರ್ರಿ ಅಕ್ಕಾರ, ದಿನಾ ಒರಸ್ತಾರ” ಎಂದ ದಾವಲಸಾಬ.

ನನ್ನ ತೂಕ ಕೇಳಿದರು. ಮಾರ್ಕೆಟ್ಟಿನ ಕಾಟಾದಲ್ಲಿ ತೂಗಿಸಿಕೊಂಡು ಬಂದಿದ್ದೆ, ನಲವತ್ನಾಲ್ಕು ಕಿಲೋ. ಚನ್ನ ಬರೆದುಕೊಂಡ. ಕೈಯಲ್ಲಿದ್ದ ರೊಟ್ಟಿ ಗಂಟನ್ನೂ ತೂಗಿದರು. ಆಮೇಲೆ ನನ್ನನ್ನು ಎತ್ತಿ ಚನ್ನನ ಪಕ್ಕದ ಸೀಟಿನಲ್ಲಿ ಕೂಡಿಸಿ, ಹೊಟ್ಟೆಗೆ ಪಟ್ಟಿ ಬಿಗಿದು, ಕಿವಿಗೆ ಎರಡು ಬಟ್ಟಲು ಹಾಕಿದರು. ಚನ್ನ ಯಾರೊಂದಿಗೋ ಇಂಗ್ಲೀಷಿನಲ್ಲಿ ಮಾತಾಡಿದ. ಎದುರಿಗೆ ಯಾರೂ ಇರಲಿಲ್ಲ. ಖಾಲಿ ಆಕಾಶಕ್ಕೆ ಹೋಗಲು ಯಾರ ಪರವಾನಗಿ ಬೇಕೋ ನನಗೆ ತಿಳಿಯಲಿಲ್ಲ.

ವಿಮಾನ ಡಾಂಬರಿನ ಮೇಲೆ ಓಡಿತು, ಓಡಿತು. ಹಲ್ಲು ಕಟಕಟ ಎಂದವು. ಕೊಕ್ಕರೆಯೂ ಏಳುವಾಗ ಓಡುತ್ತದೆ, ಇಳಿಯುವಾಗ ಓಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕಟಕಟ ನಿಂತಿತು. ಕೆಳಗೆ ನೋಡಿದರೆ ನೆಲ ಇರಲಿಲ್ಲ.

ಮೇಲೆ ಹೋದ ಮೇಲೆ ನನಗೆ ಯಾವ ಊರು ಯಾವುದೆಂದು ಗೊತ್ತಾಗಲಿಲ್ಲ. ಎಪ್ಪತ್ತು ವರ್ಷ ಬಾಳಿದ ಸೀಮೆ, ಗುರುತು ಹತ್ತಲಿಲ್ಲ. ಮನೆ ಇವೆ, ಬಾಗಿಲು ಕಾಣುವುದಿಲ್ಲ. ಗಿಡಗಳಿಗೆ ಬೊಡ್ಡೆ ಇಲ್ಲ. ರೈಲು ಪಟ್ಟಿಯ ಗುಂಟ ಹೋಗುತ್ತಿದ್ದೇವೆ ಎಂದ ಚನ್ನ. ಹಾವೇರಿ ಬಂತು ಎಂದಾಗ ನಾನು ಬಸ್ ಸ್ಟ್ಯಾಂಡ್ ಹುಡುಕಿದೆ, ಸಿಗಲಿಲ್ಲ. ಅಗಡಿ ಎಂದು ನಾನು ತೋರಿಸಿದ ಊರು ಅಗಡಿ ಅಲ್ಲವಂತೆ. ಅಕ್ಕಿ ಆರಿಸುವ ಮೊರದಲ್ಲಿ ಊರುಗಳನ್ನು ಹಾಕಿ ಯಾರೋ ಕೇರಿದಂತಿತ್ತು. ಥಂಡಿಗೆ ಸೆರಗು ಬಿಗಿಯಾಗಿ ಹೊದ್ದು ಕುಳಿತೆ.

ದೊಡ್ಡ ಊರೊಂದು ಬಂತು. ಬ್ಯಾಡಗಿಯೇನೋ ಎಂದು ಕೇಳಿದೆ. ಅವನು ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿ, ಅಲ್ಲ, ರಾಣೇಬೆನ್ನೂರು ಎಂದ. ನಮ್ಮ ಹೊಲ ಯಾವಾಗ ಹಿಂದೆ ಬಿತ್ತು ಎಂದು ಕೇಳಿದ್ದಕ್ಕೆ, ನಿನಗೆ ತೋರಿಸೋಣ ಎಂದು ಇಲ್ಲಿತನಕ ಕರೆತಂದೆ ಎಂದ. ರಾಣೇಬೆನ್ನೂರಿಗೆ ನಾನು ವರ್ಷಕ್ಕೆ ಹತ್ತು ಸಲ ಹೋಗುತ್ತೇನೆ. ತೋರಿಸುವುದೇನಿತ್ತು?

ವಿಮಾನ ಒಂದು ಬದಿಗೆ ವಾಲಿ ತಿರುಗಿತು. ಕದರಮಂಡಲಗಿ ಗುಡಿ ಹತ್ತಿರ ಬಂದಾಗ ಮೊದಲ ಸಲ ನನಗೆ ಗುರುತು ಹತ್ತಿತು. ಅದರಾಚೆ, ಕರೀ ಹೊಲಗಳ ನಡುವೆ, ಕೆಂಪು ಸೀರೆ ಉದ್ದಕ್ಕೆ ಹಾಸಿದಂತೆ ನಮ್ಮ ಜಾಗ. ಆರು ಮನೆಯ ಕಾಯಿ. ನಡುವೆ ಒಂದು ಕಪ್ಪು ಚೌಕ, ನಾನು ಹೇಳಿದಷ್ಟೇ ಬಿಟ್ಟಿದ್ದರು. ಸಂತೋಷವೇ ಆಯಿತು.

ಚನ್ನ ಇಂಜಿನ್ನಿನ ಸದ್ದು ಇಳಿಸಿದ. ವಿಮಾನ ನೆಟ್ಟಗೆ ಕೆಳಗೆ ಹೋಗಲಿಲ್ಲ. ಓರೆಯಾಗಿ, ಆ ಕೆಂಪಿನ ಈಚೆ ತುದಿಗೆ ಮೂಗು ಮಾಡಿ ಇಳಿಯತೊಡಗಿತು. ಆಗ ನನಗೆ ತಿಳಿಯಿತು. ಇದು ಏಳುವಾಗ ಓಡಿದಂತೆ ಇಳಿಯುವಾಗಲೂ ಓಡುವಂಥದ್ದು. ನಾಲ್ಕು ಚಕ್ಕಡಿ ಜಾಗ ಇದಕ್ಕೆ ಯಾವ ಮೂಲೆಗೂ ಸಾಲದು. ಹೆಂಗಸರು ಕಾಯಿ ನಡುವೆ ನಿಂತು ಕೈ ಬೀಸುತ್ತಿದ್ದರು. ಗಂಗವ್ವನ ಹಸಿರು ಸೀರೆ ಕಾಣಿಸಿತು. ಚನ್ನನ ಮುಖ ನೋಡಿದೆ. ಅವನು ನಗುತ್ತಿದ್ದ.

“ಚನ್ನಾ, ಮಂದಿ ಅದಾರ” ಎಂದೆ.

“ಎಲ್ಲೆ?”

“ಎದುರಿಗೇ. ಮೆಣಸಿನಕಾಯಿ ಹಾಕ್ಯಾರ, ನಡುವ ನಿಂತಾರ. ನಿನಗ ಕಾಣವಲ್ದೇನು?”

ಅವನು ಕನ್ನಡಕ ಸರಿಸಿ ಮುಂದಕ್ಕೆ ಬಾಗಿದ. ಆಮೇಲೆ ಕೈಯಲ್ಲಿದ್ದ, ವಿಮಾನ ತಿರುಗಿಸುವ ಕೋಲು ಒಮ್ಮೆಲೇ ಜಗ್ಗಿದ. ಇಂಜಿನ್ನು ಅರಚಿತು, ನನ್ನ ಕರುಳು ಕೆಳಗೇ ಉಳಿಯಿತು. ಹೆಂಗಸರು ಚದರಿ ಓಡುವುದು ಕಂಡಿತು. ಮೇಲೆ ಹೋದ ಮೇಲೆ ಅವನ ಬಿಳಿ ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಕಾಯಿ ಹಾಕಲು ಹೇಳಿದವಳು ನಾನೇ ಎಂದು ಆಗಲೇ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ವಿಮಾನವನ್ನು ಹುಬ್ಬಳ್ಳಿ ಕಡೆಗೆ ಹೊರಳಿಸಿದ. ರೈಲು ಪಟ್ಟಿ ಬಿಟ್ಟು ಆಚೆ ಹೋದಾಗಲೆಲ್ಲ ಎಡಕ್ಕೆ, ಬಲಕ್ಕೆ ಎಂದು ಹೇಳಿದೆ. ಹೇಳಿದ ಕಡೆಗೆ ತಿರುಗಿಸಿದ.

ಹುಬ್ಬಳ್ಳಿಯಲ್ಲಿ ವಿಮಾನ ಎರಡು ಸಲ ಪುಟಿದು ನಿಂತಿತು. ಶೆಡ್ಡಿನ ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆ. ಅವನು ತಿನ್ನಲಿಲ್ಲ.

“ನಿನಗ ಎಲ್ಲಿಂದ ಕಂಡ್ವು ಕಾಯಿ?” ಎಂದು ಕೇಳಿದ.

“ಕದರಮಂಡಲಗಿ ಗುಡಿಯಿಂದ.”

“ನನಗ ನೆಲ ಕರ್ರಗ ಕಂಡಿತು. ಖಾಲಿ ಐತಿ ಅಂತ ಇಳಸಾಕತ್ತಿದ್ದೆ.” ಶೆಡ್ಡಿನ ಕಡೆ ತಿರುಗಿ, “ದಾವಲಸಾಬಗ ಹೇಳಬ್ಯಾಡ” ಎಂದ.

“ನಾ ಹೇಳೂದಿಲ್ಲ. ನೀನ ಹೇಳು” ಎಂದೆ. ಆರು ಮಂದಿ ಹೆಂಗಸರು ಅಲ್ಲಿ ನಿಂತಿದ್ದರು, ಇನ್ನೇನು ಹೇಳಲಿ?

ಅವನು ಎದ್ದುಹೋಗಿ ಬುಕ್ಕು ತೆಗೆದ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತಾಸು ಬರೆದ. ದಾವಲಸಾಬನ ಹತ್ತಿರ ಏನೋ ಹೇಳಿದ, ನನಗೆ ಕೇಳಿಸಿದ್ದು ಕಡೆಯ ಮಾತು ಮಾತ್ರ. ಯಾರಾದರೂ ಕೇಳಿದರೆ ವಿಮಾನ ಕೊಟ್ಟುಬಿಡೋಣ ಎಂದ. ದಾವಲಸಾಬ ಮುಂದಿನ ಪಂಖಕ್ಕೆ ಗವಸು ಹಾಕಿ ದಾರ ಬಿಗಿದ, ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದ.

ಎರಡು ಗಂಟೆಯ ಬಸ್ಸಿಗೆ ಇಬ್ಬರೂ ಹತ್ತಿದೆವು. ಬಿಸಿಲಿಗೆ ಬಸ್ಸು ಕಾದು ಬಾಣಲೆಯಾಗಿತ್ತು. ಕಿಟಕಿಯಲ್ಲಿ ಬಂಕಾಪುರ, ಹಾವೇರಿ ಎಲ್ಲ ಬಾಗಿಲು ಬೊಡ್ಡೆ ಸಮೇತ ಬಂದವು. ಚನ್ನ ಹೊರಗೆ ನೋಡಲಿಲ್ಲ.

ಹೊಲ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹೆಂಗಸರು ಕಾಯಿ ಬಳಿದು ಗುಂಪು ಮಾಡುತ್ತಿದ್ದರು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ಬಂದಳು.

“ಅಣ್ಣಾರ, ನಾವು ಅಕ್ಕಾರು ಹೇಳಿದಷ್ಟು ಜಾಗಾ ಬಿಟ್ಟಿದ್ವಿ. ಯಾಕ ಇಳೀಲಿಲ್ಲ? ನಮ್ಮ ತೆಲಿ ಮ್ಯಾಲೇ ಬಂದು ಹೋದ್ರಲ್ಲ.”

ನಾನು ತಪ್ಪು ಹೇಳಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, “ಗಾಳಿ ಸರಿ ಇರಲಿಲ್ಲ ಗಂಗವ್ವಾ” ಎಂದ. ಇಡೀ ದಿನ ಒಂದು ಎಲೆ ಅಲುಗಿರಲಿಲ್ಲ. ಗಂಗವ್ವ ನನ್ನ ಮುಖ ನೋಡಿದಳು. ಹೌದು, ಗಾಳಿ ಎಂದೆ.

ಅವನು ಚಪ್ಪಲಿ ಬಿಟ್ಟು ಅವಳ ರಾಶಿಯ ಮುಂದೆ ಕುಳಿತು ಕಾಯಿ ಆರಿಸತೊಡಗಿದ. ಚಿಕ್ಕವನಿದ್ದಾಗ ಅವ್ವನ ಪಕ್ಕ ಕುಳಿತು ಮಾಡಿದ ಕೆಲಸ, ಕೈ ಚುರುಕಾಗಿಯೇ ಇತ್ತು. ಕೆಂಪು ಕಾಯಿ ಒಂದು ಕಡೆ, ಬಿಳಿಚಿದ ಕಾಯಿ ಒಂದು ಕಡೆ ಹಾಕಬೇಕು. ಎರಡನ್ನೂ ಒಂದೇ ಕಡೆ ಹಾಕುತ್ತಿದ್ದ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ನಾನು ಹೋಗಿ ಅವನ ಹಿಂದೆ ಕುಳಿತು, ಅವನು ಹಾಕಿದ್ದರಲ್ಲಿ ಬಿಳಿಚಿದ್ದನ್ನು ತೆಗೆಯುತ್ತ ಹೋದೆ.