ಮೊದಲೇ ನೋಡಿಟ್ಟ ನಕ್ಷೆ

ಕಳೆದ ತಿಂಗಳು ಸಿದ್ದಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಒದ್ದೆ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಓಡಿದ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ ಆ ವಾಸನೆ. ಅರ್ಧ ಗಂಜಿಯದು, ಅರ್ಧ ಹೊಗೆಯದು. ತಿರುಗಿ ನೋಡಿದರೆ ಸಾಲುಮಳಿಗೆಗಳ ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು ರವಿಕೆಯ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಹಿಂದೆ ನಾಲ್ಕು ಹೊಲಿಗೆಯಂತ್ರಗಳು ಒಟ್ಟಿಗೇ ಓಡುತ್ತಿದ್ದವು. ನಾನು ಅವಳನ್ನು ಹಿಂದೆಂದೂ ಕಂಡವಳಲ್ಲ. ಆದರೂ ಅವಳ ಕಣ್ಣಿಗೆ ಬೀಳಬಾರದೆಂದು ಕೊಡೆ ಬಿಡಿಸಿ ಮರೆಯಾದೆ. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಆ ಕೋಣೆ ನಸ್ರೀನಳದಾಗಬೇಕಿತ್ತು. ಆಗದೆ ಹೋದದ್ದಕ್ಕೆ ಕಾರಣ ಹೇಳಿದರೆ ನೀವು ನಗುತ್ತೀರಿ: ಕಂಪ್ಯೂಟರಿನ ಒಂದು ಆಟ, ಮತ್ತೆ ನಾನು.

ಹನ್ನೆರಡು ವರ್ಷಗಳ ಹಿಂದಿನ ಮಾತು. ಶಿರಸಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿತ್ತು. ಟೈಪಿಂಗ್, ಮದುವೆ ಕಾಗದ, ಅರ್ಜಿ ತುಂಬುವುದು, ಎಲ್ಲ ಅಲ್ಲಿಯೇ. ಗೋಡೆಯ ಆಚೆ ನಸ್ರೀನಳ ಹೊಲಿಗೆ ಅಂಗಡಿ. ಅವಳು ಯಲ್ಲಾಪುರದ ಲಾರಿ ಮಾಲೀಕರ ಮನೆತನದವಳು, ಮದುವೆಯಾಗಿ ಶಿರಸಿಗೆ ಬಂದವಳು. ಅಳತೆಪಟ್ಟಿ ಕೊರಳಿನಿಂದ ಇಳಿದದ್ದನ್ನು ನಾನು ನೋಡಿಯೇ ಇಲ್ಲ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮಿಬ್ಬರ ಅಂಗಡಿಗೂ ಗಿರಾಕಿಗಳು ಬರುತ್ತಿರಲಿಲ್ಲ. ಯಾರೋ ಬಳಸಿ ಮಾರಿದ ಕಂಪ್ಯೂಟರನ್ನು ನಾನು ಕೊಂಡು ತಂದಿದ್ದೆ, ಅದರೊಳಗೆ ಹಿಂದಿನವರು ಬಿಟ್ಟುಹೋದ ಆಟವೊಂದಿತ್ತು. ಹೊತ್ತು ಕಳೆಯಲು ಅದನ್ನು ಹಿಡಿದೆವು.

ಸರದಿಯ ಮೇಲೆ ಆಡುವ ಆಟ. ಒಂದು ಜನಾಂಗವನ್ನು ಆರಿಸಿಕೊಂಡು, ಪೂರ್ತಿ ಕತ್ತಲೆಯಾಗಿರುವ ನಕ್ಷೆಯ ಮೇಲೆ ಊರು ಕಟ್ಟಬೇಕು, ಹಡಗು ಕಳಿಸಬೇಕು. ಹಡಗು ಹೋದಲ್ಲಿ ಮಾತ್ರ ಬೆಳಕು. ಇದ್ದ ಹತ್ತಾರು ಜನಾಂಗಗಳಲ್ಲಿ ನಮಗಿಬ್ಬರಿಗೂ ಮೆಚ್ಚುಗೆಯಾದದ್ದು ನಾವಿಕರದು. ಅವರ ಬಲವೆಲ್ಲ ಅದೃಷ್ಟದಲ್ಲಿತ್ತು. ದೊಡ್ಡ ಜಲಪಾತವನ್ನೋ ಬೆಂಕಿ ಉಗುಳುವ ಬೆಟ್ಟವನ್ನೋ ಮೊದಲು ಕಂಡವರಿಗೆ ಬಂಗಾರ, ಜನ, ಎಲ್ಲ ತಾನಾಗಿ ಬರುತ್ತಿತ್ತು. ಕಾಣದಿದ್ದರೆ ನಾವಿಕರಷ್ಟು ದಿಕ್ಕುಗೆಟ್ಟವರು ಆ ಆಟದಲ್ಲಿ ಬೇರೆ ಇರಲಿಲ್ಲ. ಇಬ್ಬರೂ ಅವರನ್ನೇ ಆರಿಸಿಕೊಳ್ಳುತ್ತಿದ್ದೆವು. ಕಂಪ್ಯೂಟರ್ ಒಂದೇ ಆದ್ದರಿಂದ ಒಬ್ಬರು ಆಡುವಾಗ ಇನ್ನೊಬ್ಬರು ನೋಡಬಾರದೆಂದು ನಿಯಮ ಮಾಡಿಕೊಂಡಿದ್ದೆವು. ನನ್ನ ಸರದಿ ಬಂದಾಗ ನಸ್ರೀನ್ ಹೊಸ್ತಿಲಿನ ಆಚೆ ಹೋಗಿ, ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಕರೆಯುವ ತನಕ ಕತ್ತು ತಿರುಗಿಸುತ್ತಿರಲಿಲ್ಲ.

ಮೊದಲನೆಯ ಆಟದಲ್ಲಿ ಅವಳು ನನ್ನನ್ನು ಸೋಲಿಸಿದಳು. ಮೂರನೆಯ ಸರದಿಗೇ ಅವಳ ಹಡಗು ಜಲಪಾತಕ್ಕೆ ಹೋಗಿ ನಿಂತಿತು. "ಅಕ್ಕ, ನೋಡಿ, ನೀರು ಬೀಳ್ತಾ ಉಂಟು!" ಎಂದು ಚಪ್ಪಾಳೆ ತಟ್ಟಿದಳು. ನಾನೂ ನಕ್ಕೆ. ನಕ್ಕದ್ದು ಮುಖ ಮಾತ್ರ. ಪದವಿ ಓದಿದವಳು ನಾನು, ಕಂಪ್ಯೂಟರ್ ನನ್ನದು, ಆಟ ಕಲಿಸಿಕೊಟ್ಟವಳೂ ನಾನು. ಏಳನೆಯ ತರಗತಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಸೋತೆನಲ್ಲ ಎಂದು ನನಗೆ ಅನ್ನಿಸಿದ್ದು ನಿಜ. ಈ ವಾಕ್ಯವನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಬೇಗ ಮನೆಯಿಂದ ಹೊರಟೆ. "ಇಷ್ಟು ಬೇಗ ಎಂತಕ್ಕೆ?" ಎಂದು ನಮ್ಮನೆಯವರು ಕೇಳಿದರು. "ಮದುವೆ ಕಾಗದದ ಕೆಲಸ ಇದ್ದು" ಎಂದೆ. ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ ಒಳಗೆ ನುಸುಳಿ, ಹೊಸ ನಕ್ಷೆಯೊಂದನ್ನು ತೆರೆದು ಮೊದಲು ಹಾಗೆಯೇ ಉಳಿಸಿಟ್ಟೆ. ಆಮೇಲೆ ಎರಡೂ ಕಡೆ ನಾನೇ ಆಡಿ, ಬೆಟ್ಟ ಎಲ್ಲಿದೆ, ಜಲಪಾತ ಎಲ್ಲಿದೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಮಧ್ಯಾಹ್ನ ಉಳಿಸಿಟ್ಟದ್ದನ್ನೇ ತೆರೆದು, ಈಗಷ್ಟೇ ಹುಟ್ಟಿದ ನಕ್ಷೆಯ ಹಾಗೆ ಅವಳ ಮುಂದಿಟ್ಟೆ. ಗೆದ್ದೆ. ಒಂದು ಸಲ ಸಾಕೆಂದುಕೊಂಡಿದ್ದೆ. ಅದು ಒಂದೂವರೆ ವರ್ಷ ನಡೆಯಿತು.

ಗೆಲ್ಲುವುದಷ್ಟೇ ಆಗಿದ್ದರೆ ಹೋಗಲಿ. ಒಂದು ದಿನ ಅವಳ ಹಡಗು ಬೆಂಕಿಬೆಟ್ಟದ ಹತ್ತಿರ ಹತ್ತಿರ ಬಂದುಬಿಟ್ಟಿತ್ತು. ಎತ್ತ ಹೋಗಲೆಂದು ತಿಳಿಯದೆ ಅವಳು ನನ್ನನ್ನೇ ಒಳಗೆ ಕರೆದು ಕೇಳಿದಳು: "ಅಕ್ಕ, ಯಾವ ಕಡೆ ಬಿಡಲಿ? ನಿಮ್ಮ ಬಾಯಿಗುಣ ಒಳ್ಳೇದು." ಉತ್ತರಕ್ಕೆ ಬಿಡು ಎಂದೆ. ಉತ್ತರದಲ್ಲಿ ಬರೀ ಮಂಜುಗಡ್ಡೆಯಿದೆಯೆಂದು ನನ್ನ ಚೀಟಿಯಲ್ಲಿತ್ತು. ಮಂಜಿನಲ್ಲಿ ಹಡಗು ಸಿಕ್ಕಿಕೊಂಡಾಗ ಅವಳೇ ನನ್ನನ್ನು ಸಮಾಧಾನ ಮಾಡಿದಳು: "ನೀವೆಂತ ಮಾಡ್ತೀರಿ ಅಕ್ಕ, ನನ್ನ ಹಣೆಬರಹ."

ಆ ಮಾತು ಅವಳಲ್ಲಿ ಬೇರು ಬಿಡುತ್ತಿರುವುದು ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಹೊಸ ಸೂಜಿ ಮುರಿದರೂ ಹಣೆಬರಹ ಎನ್ನತೊಡಗಿದ್ದಳು. ಊರಿಗೆ ಹೋಗುವ ಬಸ್ಸು ತಪ್ಪಿದರೂ ಅದೇ ಮಾತು. ನಾನು ಕೇಳಿಸಿಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಬಾಗಿಲು ಅರ್ಧ ಎತ್ತಿದೆ.

ಹೀಗಿರುವಾಗ ಯಲ್ಲಾಪುರದಿಂದ ಅವಳ ಅಣ್ಣ ಗಫೂರ್ ಭಾಯಿ ಬಂದರು. ಸಿದ್ದಾಪುರದಲ್ಲಿ ಅವರ ಪರಿಚಯದವರು ಮಳಿಗೆ ಕಟ್ಟಿಸಿದ್ದರು. ತಂಗಿಗೆ ಅಲ್ಲೊಂದು ಕೋಣೆ ಹಿಡಿದುಕೊಟ್ಟು, ಯಂತ್ರ ಹಾಕಿಸಿ, ಹೊಲಿಯುವವರನ್ನಿಟ್ಟು ದೊಡ್ಡದಾಗಿ ನಡೆಸಲಿ ಎಂಬುದು ಅವರ ಆಸೆ. ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. ಅವಳು ಬೇಡವೆಂದಳು. ಸಂಜೆ ನನ್ನ ಹತ್ತಿರ ಬಂದು ಹೇಳಿದಳು: "ನಂಗೆ ಹೊಸ ಜಾಗ ಆಗಿಬರೂದಿಲ್ಲ ಅಕ್ಕ. ನೀವೇ ನೋಡ್ತೀರಲ್ಲ ದಿನಾ. ಎಲ್ಲಿ ಹೋದ್ರೂ ಖಾಲಿ ನೀರು."

ಒಂದು ಮಾತು ಸಾಕಿತ್ತು. ನಾನು ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ, ಚೊಕ್ಕವಾಗಿಯೇ ಇದ್ದ ಗಾಜನ್ನು ಒರೆಸಿದೆ. "ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು" ಎಂದೆ. ಎಷ್ಟು ಗಂಭೀರವಾದ, ಎಷ್ಟು ದೊಡ್ಡವರ ಮಾತು ನೋಡಿ!

ಆ ದಿನದಿಂದ ಬೆಳಗಿನ ಕಳ್ಳತನ ಬಿಟ್ಟೆ. ಆಟವನ್ನೂ ಅಳಿಸಿ, ಕಂಪ್ಯೂಟರ್ ಕೆಟ್ಟು ಆಟ ಹೋಯಿತೆಂದು ಇನ್ನೊಂದು ಸುಳ್ಳು ಹೇಳಿದೆ. ಎರಡು ವರ್ಷದ ಮೇಲೆ ನಮ್ಮ ಕಟ್ಟಡವನ್ನು ಕೆಡವಿದರು. ನನಗೆ ಬೇರೆ ಜಾಗ ಸಿಕ್ಕಿತು. ನಸ್ರೀನ್ ಪೇಟೆಯ ಇನ್ಯಾರದೋ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚುವ ಕೆಲಸಕ್ಕೆ ಸೇರಿದಳು. ಆ ಬೀದಿಗೆ ನಾನು ಹೋಗುತ್ತಿದ್ದುದು ಕಡಿಮೆ. ಹೋದರೂ ಆಚೆ ಬದಿಯಲ್ಲಿ ನಡೆಯುತ್ತಿದ್ದೆ.

ಸಿದ್ದಾಪುರದಿಂದ ಬಂದ ಮರುದಿನ ಈಚೆ ಬದಿಯಲ್ಲಿ ನಡೆದೆ. ಅವಳು ನೆಲದ ಮೇಲೆ ಕೂತು, ಸೀರೆಯ ಅಂಚು ಹಿಡಿದಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ: ಬೆಳಗಿನ ಬಾಗಿಲು, ಚೀಟಿ, ಮಂಜುಗಡ್ಡೆ. ಅವಳ ಸೂಜಿ ನಿಂತಿತು.

"ಎಲ್ಲಾ ಆಟಾನೂ?"

"ಮೊದಲನೆಯದೊಂದು ಬಿಟ್ಟು."

"ಅದು ನಾನು ಗೆದ್ದಿದ್ದು."

"ಹೌದು."

ಅವಳು ಸೂಜಿಯನ್ನು ಸೀರೆಯ ಅಂಚಿಗೆ ಚುಚ್ಚಿಟ್ಟಳು. "ಹಂಗಾರೆ ನಾನು ಸಿದ್ದಾಪುರಕ್ಕೆ ಹೋಗಬಹುದಿತ್ತು" ಎಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು. "ನಂಗೆ ಬೇಡ. ಭಾಯಿ ಇವತ್ತಿಗೂ ನನ್ನ ಪುಕ್ಕಲಿ ಅಂತ ಕರೀತಾನೆ, ಮಕ್ಕಳ ಎದುರಿಗೆ. ನೀವು ಬಂದು ಅವನಿಗೆ ಹೇಳಬೇಕು."

ಭಾನುವಾರ ಯಲ್ಲಾಪುರದ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದಳು. ಲಾರಿ ಮಾಲೀಕರೊಬ್ಬರ ಎದುರು ನಿಂತು, ಆಟದಲ್ಲಿ ನಿಮ್ಮ ತಂಗಿಗೆ ಮೋಸ ಮಾಡಿದೆ ಎಂದು ಐವತ್ತು ದಾಟಿದ ಹೆಂಗಸು ಯಾವ ದನಿಯಲ್ಲಿ ಹೇಳಬೇಕು? ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿನೋಡಿದೆ, ಯಾವ ದನಿಯೂ ಸರಿಹೋಗಲಿಲ್ಲ. ಕೊನೆಗೆ ಹೇಳಿದ್ದು ತೊದಲುತ್ತಲೇ. ಮನೆಯಲ್ಲಿ ಉರ್ದು ಮಾತಾಡುವವರು ನನ್ನ ಎದುರು ಕನ್ನಡಕ್ಕೆ ಬಂದರು. ಗಫೂರ್ ಭಾಯಿ ಮೊದಲು ನಕ್ಕರು. ತಂಗಿ ನಗದಿರುವುದನ್ನು ಕಂಡು ನಿಲ್ಲಿಸಿದರು. ಗಡ್ಡ ನೀವಿಕೊಂಡು ನನ್ನ ಕಡೆ ತಿರುಗಿದರು.

"ನಮ್ಮ ಗೋಡೌನ್ ಮುಂದ ಒಂದು ಕೋಣಿ ಖಾಲಿ ಐತ್ರಿ ಮೇಡಂ. ಈಗ ಕೊಟ್ರ ಇಕಿ ನಡಸ್ತಾಳ ಅಂತೀರಾ?"

ನಾನು ಬಾಯಿ ತೆರೆಯುವ ಮೊದಲೇ ನಸ್ರೀನ್ ಎದ್ದು ನಿಂತಿದ್ದಳು.

"ಅವರನ್ನ ಯಾಕೆ ಕೇಳ್ತಿ ಭಾಯಿ? ನನ್ನ ಕೇಳು."

ಗಫೂರ್ ಭಾಯಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಆ ಮಾತು ನಾನು ಕೇಳುವಂಥದ್ದಲ್ಲವೆನ್ನಿಸಿತು. ಎದ್ದು ಹೊರಗೆ ಬಂದು, ರಸ್ತೆಗೆ ಮುಖ ಮಾಡಿ ನಿಂತೆ.